ಕಿರುಗುಟ್ಟಿದ ಹಿತ್ತಾಳೆ

ಡೆಲ್ ಓಸ್ಟ್‌ಬಿಯ ಬೇಟೆ ಬಿಡಾರಕ್ಕೆ ಒಂದೇ ಒಂದು ಕಟ್ಟಳೆ ಇತ್ತು; ಅದನ್ನು ಮಾಡಿದವನೂ ಅವನೇ. ಅಕ್ಟೋಬರ್ ಕೊನೆಗೆ ಎಲ್ಕ್ ಎಂಬ ದೊಡ್ಡ ಕಡವೆಯ ಬೇಟೆಗಾಲ ತೆರೆಯುವುದಕ್ಕೆ ಹಿಂದಿನ ಭಾನುವಾರ, ಚರ್ಚು ಮುಗಿದ ಮೇಲೆ, ಬಿಡಾರಕ್ಕೆ ಬರುವವರೆಲ್ಲ ಊರಾಚೆಯ ಜಲ್ಲಿ ಗುಂಡಿಗೆ ಹೋಗಬೇಕು. ಇನ್ನೂರು ಗಜದಾಚೆ ಒಂದು ಕಾಗದದ ಊಟದ ತಟ್ಟೆ ಸಿಕ್ಕಿಸಿರುತ್ತದೆ. ನೆಲದ ಮೇಲೆ ಕೂತು, ಯಾವ ಆಸರೆಯೂ ಇಲ್ಲದೆ, ಮೂರು ಗುಂಡು ಹೊಡೆಯಬೇಕು. ಮೂರೂ ತಟ್ಟೆಗೆ ಬಿದ್ದರೆ ಕೋವಿ ಹಿಡಿದು ಬೆಟ್ಟ ಹತ್ತಬಹುದು. ಒಂದು ತಪ್ಪಿದರೂ ಬಿಡಾರದಲ್ಲಿ ಕೂತು ಅಡುಗೆ ಮಾಡಬೇಕು. ವಯಸ್ಸು, ನೆಂಟಸ್ತಿಕೆ, ಹಳೆಯ ಹೆಸರು, ಯಾವುದನ್ನೂ ತಟ್ಟೆ ಕೇಳುವುದಿಲ್ಲ.

ಕಟ್ಟಳೆ ಹುಟ್ಟಿದ್ದು ವರ್ಲಿನ್‌ನ ದೆಸೆಯಿಂದ. ವರ್ಲಿನ್ ಎಂದರೆ ಡೆಲ್‌ನ ಹೆಂಡತಿ ಮಾರ್ವಾಳ ಅಣ್ಣ. ಒಂದು ವರ್ಷ ಲಿಟಲ್ ಬೆಲ್ಟ್ ಬೆಟ್ಟದಲ್ಲಿ ಅವನು ಒಂದು ಎಲ್ಕ್‌ನ ಹೊಟ್ಟೆಗೆ ಹೊಡೆದ. ಇಬ್ಬರೂ ಹಿಮದಲ್ಲಿ ನೆತ್ತರಿನ ಜಾಡು ಹಿಡಿದು ಕತ್ತಲಾಗುವವರೆಗೂ ನಡೆದರು, ಮರುದಿನವೂ ನಡೆದರು. ಕೊನೆಗೆ ಅದನ್ನು ತೋರಿಸಿಕೊಟ್ಟದ್ದು ಕಾಗೆಗಳು. ಮಾಂಸ ಕೆಟ್ಟುಹೋಗಿತ್ತು. ಮರುವರ್ಷ ಡೆಲ್ ಅಂಗಡಿಯಿಂದ ಕಾಗದದ ತಟ್ಟೆಗಳ ಕಟ್ಟೊಂದನ್ನು ತಂದು ಮೇಜಿನ ಮೇಲಿಟ್ಟ. ಕಣ್ಣಿಗೆ ಪೊರೆ ಬಂದಿದ್ದ ವರ್ಲಿನ್ ಮೂರರಲ್ಲಿ ಎರಡು ತಪ್ಪಿದ. ಅಂದಿನಿಂದ ಅವನೇ ಬಿಡಾರದ ಅಡುಗೆಯವನು. ಕೈಗೆ ಬಾಣಲೆ ಬಂದಿತು, ಬಾಯಿ ಮಾತ್ರ ಮೊದಲಿನಷ್ಟೇ ಹರಿತವಾಗಿ ಉಳಿಯಿತು.

ಡೆಲ್‌ಗೆ ಈಗ ಎಪ್ಪತ್ತು ದಾಟಿತ್ತು. ದುಡಿಯುವ ಕಾಲದಲ್ಲೆಲ್ಲ ಅವನು ಕೌಂಟಿಯ ಗ್ರೇಡರ್ ಯಂತ್ರ ಓಡಿಸಿದವನು: ಬೇಸಿಗೆಯಲ್ಲಿ ಜಲ್ಲಿ ರಸ್ತೆ ಸಮ ಮಾಡುವುದು, ಚಳಿಗಾಲದಲ್ಲಿ ಶಾಲೆಯ ಬಸ್ಸು ಬರುವ ಮುಂಚೆ ಹಿಮ ತಳ್ಳುವುದು. ಮಸಲ್‌ಶೆಲ್ ನದಿಯ ದಡದಲ್ಲಿ ಅವನು ಸಮ ಮಾಡದ ಓಣಿ ಇಲ್ಲ. ಆ ಯಂತ್ರದ ಗದ್ದಲ ಮತ್ತು ಕೋವಿಯ ಸದ್ದು ಸೇರಿ ಅವನ ಕಿವಿಯಿಂದ ಮೇಲಿನ ಸ್ವರಗಳನ್ನೆಲ್ಲ ತಿಂದುಹಾಕಿದ್ದವು. ಮಾತು ಕೇಳುತ್ತಿತ್ತು, ಗುಬ್ಬಿ ಕೂಗಿದ್ದು ಕೇಳುತ್ತಿರಲಿಲ್ಲ. ಮಗಳು ಕಿವಿಯಂತ್ರ ಕೊಡಿಸಿದ್ದಳು. ಅದು ಸಾಕ್ಸು ಇಡುವ ಗೂಡಿನಲ್ಲಿ ಸುಖವಾಗಿತ್ತು.

ಅವನು ಹೆದರುತ್ತಿದ್ದದ್ದು ಕಿವಿಗಲ್ಲ, ಕೈಗೆ. ಅವನ ತಂದೆ ಆಂಡರ್ಸ್‌ಗೆ ಇದೇ ವಯಸ್ಸಿನಲ್ಲಿ ಕೈ ನಡುಕ ಹತ್ತಿತ್ತು. ಮೊದಲು ಕಾಫಿಯನ್ನು ಅರ್ಧ ಕಪ್ಪು ಕೇಳಲು ಶುರುಮಾಡಿದ, ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲಾಗಲಿಲ್ಲ, ಕೊನೆಗೆ ಚಮಚವನ್ನು ಇನ್ನೊಬ್ಬರು ಹಿಡಿಯಬೇಕಾಯಿತು. ಆ ಮುದುಕ ತನ್ನ ಕೋವಿಯನ್ನು ಮಗನಿಗೆ ಕೊಟ್ಟಾಗ ಅದರ ನಳಿಗೆ ಗಾಳಿಗೆ ಸಿಕ್ಕ ಕಡ್ಡಿಯಂತೆ ಅಲುಗುತ್ತಿದ್ದುದನ್ನು ಡೆಲ್ ಮರೆತಿರಲಿಲ್ಲ.

ಡೆಲ್ ಇಂದಿಗೂ ಬಳಸುವ ಆ ಕೋವಿಯ ಅಳತೆಯ ತೋಟಾ ಈಗ ಅಂಗಡಿಗಳಲ್ಲಿ ಸಿಗುವುದಿಲ್ಲ. ಆದ್ದರಿಂದ ಅವನು ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಹಿತ್ತಾಳೆ ಚಿಪ್ಪುಗಳನ್ನು ಜೋಪಾನ ಮಾಡಿ ನೆಲಮಾಳಿಗೆಯಲ್ಲಿ ತಾನೇ ಮತ್ತೆ ಮದ್ದು ಗುಂಡು ತುಂಬುತ್ತಿದ್ದ. ಆ ಸೀಮೆಯಲ್ಲಿ ಅದು ಹಣ್ಣು ಬೇಯಿಸಿ ಸೀಸೆಗೆ ತುಂಬಿಡುವಷ್ಟೇ ಮನೆವಾರ್ತೆಯ ಕೆಲಸ. ಒಮ್ಮೆ ಸಿಡಿದ ಚಿಪ್ಪು ಉಬ್ಬಿ, ಆ ಕೋವಿಯಲ್ಲಿ ತೋಟಾ ಕೂರುವ ಗೂಡಿಗೆ ಎರಕ ಹೊಯ್ದಂತೆ ಕೂರುತ್ತದೆ. ಹಾಗೆ ಕೂತ ಮೈಯನ್ನು ಮತ್ತೆ ಹಿಂಡಬಾರದು, ಗುಂಡನ್ನು ಹಿಡಿಯುವ ಕೊರಳನ್ನಷ್ಟೇ ಹಿಂಡಬೇಕು ಎಂಬುದು ಅವನ ಪದ್ಧತಿ. ಮೇಜಿಗೆ ಬಿಗಿದ ಪ್ರೆಸ್ಸೆಂಬ ಒತ್ತುಯಂತ್ರದ ಹಿಡಿಯನ್ನು ಒತ್ತಿದರೆ ಚಿಪ್ಪು ಉಕ್ಕಿನ ಅಚ್ಚಿನೊಳಗೆ ಏರಿ ಕೊರಳು ಕುಗ್ಗುತ್ತದೆ. ಹಿಡಿಯನ್ನು ಎತ್ತಿದರೆ, ಇಳಿದುಬರುವಾಗ ಅಚ್ಚಿನ ನಡುವಿನ ಕಡ್ಡಿಯಲ್ಲಿರುವ ಉಕ್ಕಿನ ಮಣಿ ಕೊರಳಿನೊಳಗಿಂದ ಹಾದು ಅದನ್ನು ಬೇಕಾದ ಅಳತೆಗೆ ಹಿಗ್ಗಿಸುತ್ತದೆ. ಚಿಪ್ಪುಗಳನ್ನು ಅವನು ಎಂದೂ ತೊಳೆದವನಲ್ಲ. ಹಳೆಯ ಬನಿಯನ್ನಿನ ಚೂರಿನಲ್ಲಿ ಹೊರಮೈ ಒರೆಸಿದರೆ ಮುಗಿಯಿತು. ಒಳಗಿನ ಮಸಿ ಒಳಗೇ ಇರುತ್ತಿತ್ತು.

ಮಸಿ ಮಾರ್ವಾಳಿಗೆ ಆಗದು. ಅವಳು ಊರಿನ ಲೂಥರನ್ ಚರ್ಚಿನಲ್ಲಿ ಆರ್ಗನ್ ನುಡಿಸುವವಳು, ಬಿಳಿ ಮೇಜುಬಟ್ಟೆಗಳ ಹೆಂಗಸು. ಅವಳೇ ಅಳಿಯ ಟ್ರೆಂಟ್‌ಗೆ ಹೇಳಿದ್ದಳು. ಹಾಗಾಗಿ ಕಳೆದ ಕ್ರಿಸ್‌ಮಸ್ಸಿಗೆ ಮರದಡಿಯಲ್ಲಿ ಒಂದು ತಿರುಗುವ ಡ್ರಮ್ಮು ಬಂದು ಕೂತಿತು. ಅದರಲ್ಲಿ ನೀರು, ಸೋಪು, ಸೂಜಿಯಂಥ ಉಕ್ಕಿನ ಕಡ್ಡಿಗಳು, ಚಿಪ್ಪುಗಳು ಎಲ್ಲ ಹಾಕಿ ತಿರುಗಿಸಿದರೆ ಹಿತ್ತಾಳೆ ಒಳಗೂ ಹೊರಗೂ ಮದುವೆಯ ಉಂಗುರದಂತೆ ಹೊಳೆಯುತ್ತದೆ. ಡೆಲ್ ಮೊದಲು ಮೂಗು ಮುರಿದ, ಆಮೇಲೆ ಮನಸೋತ. ಫೆಬ್ರವರಿಯಲ್ಲಿ ಇದ್ದಬದ್ದ ಚಿಪ್ಪುಗಳನ್ನೆಲ್ಲ ಹೊಳೆಸಿಬಿಟ್ಟ.

ಮಾರ್ಚಿನಲ್ಲಿ ಮಾರ್ವಾ ಮೇಲಿನಿಂದ ಕೂಗಿದಳು: “ಡೆಲ್! ನಿನ್ನ ಪ್ರೆಸ್ಸಿಗೆ ಒಂದಿಷ್ಟು ಎಣ್ಣೆ ಹಾಕೋ. ಕಿರುಗುಟ್ಟಿ ತಲೆ ತಿನ್ತಿದೆ.” ಅವನು ಎಣ್ಣೆ ಹಾಕಿದ. ಮೊದಲೂ ಅವನಿಗೆ ಕೇಳುತ್ತಿರಲಿಲ್ಲ, ಆಮೇಲೂ ಕೇಳಲಿಲ್ಲ. ಕೆಲಸ ಮುಗಿಯಿತು ಎಂದುಕೊಂಡ.

ಜೂನಿನಲ್ಲಿ ಜಲ್ಲಿ ಗುಂಡಿಗೆ ಹೋಗಿ ಹೊಡೆದಾಗ ಮೂರರಲ್ಲಿ ಒಂದು ಗುಂಡು ತಟ್ಟೆಯ ಹೊರಗೆ ಬಿತ್ತು. ಗಾಳಿ ಇರಬೇಕು ಎಂದುಕೊಂಡ. ಮುಂದಿನ ವಾರ ಗಾಳಿ ಇರಲಿಲ್ಲ, ಆದರೂ ಒಂದು ಹೊರಗೆ. ಕೋವಿಯ ಮೇಲಿನ ದುರ್ಬೀನಿನ ತಿರುಪು ಬಿಗಿ ಮಾಡಿದ. ನಳಿಗೆಯನ್ನು ಉಜ್ಜಿ ಉಜ್ಜಿ ತೊಳೆದ. ಮದ್ದನ್ನು ತೂಗಿದ್ದನ್ನೇ ಮತ್ತೆ ತೂಗಿದ. ಅಚ್ಚನ್ನು ಸ್ವಲ್ಪ ಮೇಲೆತ್ತಿ ನೋಡಿದ, ಕೆಳಗಿಳಿಸಿ ನೋಡಿದ. ಕೊರಳುಗಳು ಗಡಸಾಗಿರಬಹುದು ಎಂದು ಬೆಂಕಿಗೆ ಹಿಡಿದು ಮೆದು ಮಾಡಿದ, ಮತ್ತೆ ಡ್ರಮ್ಮಿಗೆ ಹಾಕಿ ಹೊಳೆಸಿದ. ಕೊರಳುಗಳು ಯಾಕೋ ಬೇಗ ಬೇಗ ಉದ್ದವಾಗುತ್ತಿದ್ದವು. ಕತ್ತರಿಸಿ ಸಮ ಮಾಡಿದ. ಗುಂಡು ಕೂರಿಸುವಾಗ ಕೆಲವು ಬೆಣ್ಣೆಗೆ ಬೆರಳಿಟ್ಟಂತೆ ಇಳಿಯುತ್ತಿದ್ದವು, ಕೆಲವು ಹಟ ಹಿಡಿಯುತ್ತಿದ್ದವು. ಬೇರೆ ಯಾರದೇ ಚಿಪ್ಪುಗಳಾಗಿದ್ದರೆ ಅಷ್ಟು ಸುಳಿವಿನಿಂದಲೇ ಅವನು ದೋಷ ಪತ್ತೆ ಹಚ್ಚುತ್ತಿದ್ದ. ತನ್ನವಾದ್ದರಿಂದ ಅದನ್ನೂ ತನ್ನ ಕೈಯ ದೋಷಕ್ಕೇ ಸೇರಿಸಿದ. ಹೆದರಿದ ಮನುಷ್ಯನಿಗೆ ಸಾಕ್ಷಿ ಹುಡುಕುವುದು ಕಷ್ಟವಲ್ಲ.

ಆಗಸ್ಟಿನ ಹೊತ್ತಿಗೆ ಕೋವಿಯ ಕುದುರೆಗೆ ಬೆರಳಿಟ್ಟು ಎಳೆಯುವ ಮುಂಚೆಯೇ ಅವನ ಭುಜ ಸೆಟೆಯುತ್ತಿತ್ತು. ಒಂದು ಮಧ್ಯಾಹ್ನ ವರ್ಲಿನ್ ತನ್ನ ಪಿಕಪ್ಪನ್ನು ಗುಂಡಿಯ ಅಂಚಿಗೆ ನಿಲ್ಲಿಸಿ, ತಟ್ಟೆಯನ್ನು ಕಿತ್ತು ತಂದು, ಅದರ ತೂತುಗಳಲ್ಲಿ ಆಕಾಶ ನೋಡಿದ.

“ಇದೇನೋ ಡೆಲ್, ಹಿಟ್ಟು ಜರಡಿ ಹಿಡಿಯೋಕೆ ಮಾಡ್ತಿದ್ದೀಯಾ?”

“ಹೊಸ ಮದ್ದು. ಪರೀಕ್ಷೆ ಮಾಡ್ತಿದೀನಿ.”

“ಮದ್ದಿಗೆ ಪರೀಕ್ಷೆನೋ, ಮುದುಕನಿಗೋ?” ವರ್ಲಿನ್ ತಟ್ಟೆಯನ್ನು ಡೆಲ್‌ನ ತಲೆಯ ಮೇಲೆ ಟೋಪಿಯಂತೆ ಇಟ್ಟ. “ಚಿಂತೆ ಮಾಡ್ಬೇಡ ಮಾರಾಯ. ಏಪ್ರನ್ನು ಒಗೆದು ಇಸ್ತ್ರಿ ಮಾಡಿಸಿಡ್ತೀನಿ. ಈರುಳ್ಳಿ ಹೆಚ್ಚೋಕೆ ಬರುತ್ತಲ್ವಾ ನಿಂಗೆ?”

ಡೆಲ್ ನಕ್ಕ. ಮನೆಗೆ ಬಂದು ಕಾಫಿಗೆ ಕೂತಾಗ ಕಪ್ಪು ಅರ್ಧ ತುಂಬುತ್ತಲೇ ಸಾಕೆಂದು ತಡೆದ. ಮಾರ್ವಾ ನೋಡಿದಳು. ಅವಳು ಮಾವನಿಗೆ ಚಮಚ ಹಿಡಿದವಳು. ಅರ್ಧ ಕಪ್ಪು ಎಂದರೆ ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಗಂಡಸು ತಾನಾಗಿ ಬಾಯಿ ಬಿಡದ ವಿಷಯವನ್ನು ಕೆದಕುವುದು ಆ ಸೀಮೆಯ ರೂಢಿಯಲ್ಲ. ಇಬ್ಬರೂ ಉಳಿದ ಬೇಸಿಗೆಯಿಡೀ ಅರ್ಧ ಕಪ್ಪಿನ ಸುತ್ತ ಮೌನವಾಗಿ ಬದುಕಿದರು.

ಸೆಪ್ಟೆಂಬರಿನ ಕೊನೆಯಲ್ಲಿ, ಭಾನುವಾರದ ಪರೀಕ್ಷೆಗೆ ಇನ್ನು ಹೆಚ್ಚು ದಿನ ಇಲ್ಲದಾಗ, ಡೆಲ್ ಕೊನೆಯದೆಂದುಕೊಂಡು ಒಂದಿಷ್ಟು ಚಿಪ್ಪು ಹಿಡಿದು ಕೂತ. ಇವೂ ಚದುರಿದರೆ ತಾನೇ ವರ್ಲಿನ್‌ಗೆ ಫೋನ್ ಮಾಡಿ ಏಪ್ರನ್ನು ಕೇಳುವುದು, ತಟ್ಟೆಯ ಮುಂದೆ ಊರವರ ಕಣ್ಣೆದುರು ತಪ್ಪುವುದಕ್ಕಿಂತ ಅದೇ ಮೇಲು ಎಂದು ತೀರ್ಮಾನಿಸಿದ್ದ. ಮಾರ್ವಾ ಚೋಕ್‌ಚೆರಿ ಎಂಬ ಕಾಡುಹಣ್ಣಿನ ಜ್ಯಾಮಿಗೆ ಖಾಲಿ ಸೀಸೆ ಬೇಕೆಂದು ನೆಲಮಾಳಿಗೆಗೆ ಇಳಿದು ಬಂದಳು. ಎರಡು ಸೀಸೆ ಕೈಗೆತ್ತಿಕೊಂಡವಳು ಹಾಗೇ ನಿಂತಳು.

“ಏನದು, ಇಲಿಗೆ ಹಿಂಸೆ ಕೊಡ್ತಿದ್ದೀಯಾ ಇಲ್ಲಿ?”

“ಏನು?”

“ಕಿರುಗುಡ್ತಿದೆಯಲ್ಲ.”

“ಎಣ್ಣೆ ಹಾಕಿದೀನಿ. ನೀನು ಹೇಳಿದಾಗ್ಲೇ ಹಾಕ್ದೆ.”

“ಹಾಕಿದ್ದೀಯ. ನಿಂತಿಲ್ಲ. ಆವತ್ತಿಂದ ಒಂದಿನಾನೂ ನಿಂತಿಲ್ಲ.”

“ಮತ್ತೆ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಇನ್ನಷ್ಟು ಎಣ್ಣೆ ಸುರೀತಿದ್ದೆ. ಬಾಗಿಲು ಹಾಕ್ಕೊಂಡೆ.” ಅವಳು ಸೀಸೆ ಕೆಳಗಿಟ್ಟು ಹತ್ತಿರ ಬಂದಳು. “ಇನ್ನೊಂದು ಒತ್ತು ನೋಡೋಣ.”

ಅವನು ಒತ್ತಿದ, ಎತ್ತಿದ. ಮಾರ್ವಾ ಆರ್ಗನ್ನಿನ ಕೊಳವೆಯೊಂದು ಅಪಸ್ವರ ಹಿಡಿದಾಗ ಮಾಡುವಂತೆ ತಲೆಯನ್ನು ಒಂದು ಬದಿಗೆ ವಾಲಿಸಿದಳು.

“ಪ್ರೆಸ್ಸಲ್ಲ ಅದು. ಒತ್ತುವಾಗ ಸದ್ದಿಲ್ಲ, ಹಿಡಿ ಮೇಲೆತ್ತುವಾಗ ಕೂಗುತ್ತೆ. ಸದ್ದು ಬರೋದು ಮೇಲಿಂದ, ಆ ಅಚ್ಚಿನೊಳಗಿಂದ. ಇನ್ನೊಂದು ಹಾಕು.”

ಹಾಕಿದ.

“ಇದು ಕೂಗ್ಲಿಲ್ಲ. ಇನ್ನೊಂದು... ಇದು ಕೂಗ್ತು, ಆದ್ರೆ ಮೊದಲಿನದಕ್ಕಿಂತ ಮೇಲಿನ ಸ್ವರ. ಇದು ಬರೀ ನರಳ್ತು. ಡೆಲ್, ನಿಂಗೆ ನಿಜವಾಗ್ಲೂ ಏನೂ ಕೇಳಿಸ್ತಿಲ್ವಾ?”

“ಚೂರೂ ಇಲ್ಲ.”

“ಸಾಕ್ಸಿನ ಗೂಡಿಗೆ ಚೆನ್ನಾಗಿ ಕೇಳಿಸ್ತಿರ್ಬೇಕು ಬಿಡು,” ಎಂದಳು ಮಾರ್ವಾ.

ಡೆಲ್ ಹಿಡಿಯಿಂದ ಕೈ ತೆಗೆದ. ಸೀಸೆಗಳ ಮುಚ್ಚಳ ತುಂಬಿದ್ದ ಮೂರು ತಟ್ಟೆಗಳನ್ನು ಬರಿದು ಮಾಡಿ ಮುಂದಿಟ್ಟ. “ಕೂಗಿದ್ದು ಇದಕ್ಕೆ, ನರಳಿದ್ದು ಇದಕ್ಕೆ, ಸುಮ್ಮನಿದ್ದದ್ದು ಇಲ್ಲಿಗೆ. ನೀನು ಹೇಳ್ತಾ ಹೋಗು.”

ಜ್ಯಾಮು ಒಲೆಯ ಮೇಲಿದೆ ಎಂದು ಮಾರ್ವಾ ಗೊಣಗಿದಳು, ಆದರೆ ಸ್ಟೂಲು ಎಳೆದು ಕೂತಳು. ಅವಳು ಕಿವಿಯಾದಳು, ಅವನು ಕೈಯಾದ. ಎಲ್ಲ ಮುಗಿದ ಮೇಲೆ ಅವನು ಒಂದೊಂದು ತಟ್ಟೆಯಿಂದಲೂ ಚಿಪ್ಪು ತೆಗೆದು ಗುಂಡು ಕೂರಿಸಿದ. ಸುಮ್ಮನಿದ್ದವು ಮೆತ್ತಗೆ ನುಂಗಿದವು. ಕೂಗಿದವು ಕಚ್ಚಿ ಹಿಡಿದವು. ಗುಂಡು ಕೂತ ಚಿಪ್ಪುಗಳನ್ನು ಗಾಜಿನ ಮೇಲೆ ಉರುಳಿಸಿದಾಗ ಕೂಗಿದವುಗಳ ಮೂತಿ ಕುಂಟುತ್ತಿತ್ತು. ಉಕ್ಕಿನ ಮಣಿ ಒಣ ಕೊರಳನ್ನು ಹಿಡಿದೆಳೆದು ಸೊಟ್ಟ ಮಾಡಿತ್ತು. ಕೊರಳುಗಳು ಉದ್ದ ಬೆಳೆಯುತ್ತಿದ್ದುದೂ ಅದಕ್ಕೇ. ಅವನು ಡ್ರಮ್ಮಿನ ಕಡೆ ನೋಡಿದ.

“ಇಷ್ಟು ವರ್ಷ ಆ ಮಸಿನೇ ಎಣ್ಣೆ ಆಗಿತ್ತು,” ಎಂದ.

“ಯಾವ ಮಸಿ?”

“ಮೇಜುಬಟ್ಟೆಗೆ ಅಂಟುತ್ತೆ ಅಂತ ನೀನು ಬೈತಿದ್ಯಲ್ಲ, ಅದು.”

ಮಾರ್ವಾ ಡ್ರಮ್ಮನ್ನು ನೋಡಿದಳು, ಗಂಡನನ್ನು ನೋಡಿದಳು. “ಟ್ರೆಂಟ್‌ಗೆ ಹೇಳ್ಬೇಡ,” ಎಂದಳು.

ತಪ್ಪು ಹಿತ್ತಾಳೆಯದು ಎಂದು ಗೊತ್ತಾದರೂ ಡೆಲ್‌ನ ಮನಸ್ಸು ಪೂರ್ತಿ ಹಗುರವಾಗಲಿಲ್ಲ. ಹಿತ್ತಾಳೆ ಕೆಟ್ಟಿದ್ದರೆ ಕೈ ಕೆಟ್ಟಿಲ್ಲ ಎಂದೇನೂ ಅರ್ಥವಲ್ಲ, ಎರಡೂ ಕೆಟ್ಟಿರಬಹುದು. ಮೆಟ್ಟಿಲ ಬಳಿ ಮೊಳೆಗೆ ತೂಗಿದ್ದ ಬೇಟೆಯ ಕೋಟು ಆಗ ಅವನ ಕಣ್ಣಿಗೆ ಬಿತ್ತು. ಹೋದ ವರ್ಷ ಮೊದಲ ದಿನವೇ ಎಲ್ಕ್ ಸಿಕ್ಕಿದ್ದರಿಂದ ಉಳಿದ ತೋಟಾಗಳು ಅದರ ಒಳಜೇಬಿನಲ್ಲೇ ಇದ್ದವು. ಕೈ ಹಾಕಿ ತೆಗೆದ. ಮಂಕು ಬಣ್ಣ, ಕೊರಳ ಸುತ್ತ ಕಪ್ಪು. ಡ್ರಮ್ಮು ಮನೆಗೆ ಬರುವ ಮುಂಚಿನವು.

“ಒಲೆ ಆರಿಸಿ ಬಾ,” ಎಂದ. “ಜಲ್ಲಿ ಗುಂಡಿಗೆ ಹೋಗ್ಬೇಕು. ನೀನೂ ಬಾ.”

ಮದುವೆಯಾದಾಗಿನಿಂದ ಅವನು ಅವಳನ್ನು ಅಲ್ಲಿಗೆ ಕರೆದದ್ದು ಅದೇ ಮೊದಲು. ಅವಳು ಒಲೆ ಆರಿಸಿ, ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಂಡು ಬಂದಳು.

ಹೊಳೆಯಂಚಿನ ಕಾಟನ್‌ವುಡ್ ಮರಗಳು ಹಳದಿಯಾಗಿದ್ದವು. ಗಾಳಿ ಇರಲಿಲ್ಲ, ಅದು ಡೆಲ್‌ಗೆ ಇಷ್ಟವಾಗಲಿಲ್ಲ. ಗಾಳಿಯಿದ್ದರೆ ಒಂದು ನೆಪವಾದರೂ ಇರುತ್ತಿತ್ತು. ಬೇಸಿಗೆಯಿಡೀ ಅವನ ಬಳಿ ದೂರಲು ಏನಾದರೊಂದು ಇತ್ತು: ತಿರುಪು, ಮದ್ದು, ಅಚ್ಚು. ಈಗ ಕೈಯಲ್ಲಿದ್ದದ್ದು ಒಳ್ಳೆಯ ತೋಟಾ ಎಂದು ಅವನಿಗೆ ಖಚಿತವಾಗಿ ಗೊತ್ತಿತ್ತು. ಇವೂ ಚದುರಿದರೆ ಉಳಿಯುವುದು ಆಂಡರ್ಸ್‌ನ ಮಗನ ಕೈ ಒಂದೇ.

ತಟ್ಟೆ ಸಿಕ್ಕಿಸಿ ಬಂದು, ಕೂತು, ಮೊಣಕೈಗಳನ್ನು ಮೊಣಕಾಲಿನ ಒಳಗೆ ಊರಿದ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ ಒಂದು ಹೊಡೆದ. ಇನ್ನೊಂದು. ಮತ್ತೊಂದು. ಆಮೇಲೆ ಕೋವಿಯ ಗೂಡು ತೆರೆದು ಮಡಿಲಲ್ಲಿಟ್ಟುಕೊಂಡ. ದುರ್ಬೀನಿನಲ್ಲಿ ತಾನು ನೋಡಲಿಲ್ಲ.

“ನೀನು ನೋಡು,” ಎಂದ.

ಮಾರ್ವಾ ಹಕ್ಕಿ ನೋಡುವ ದುರ್ಬೀನು ಹಿಡಿದಿದ್ದಳು. “ಒಂದು ಇದೆ. ನಡುವಿನಿಂದ ಒಂಚೂರು ಎಡಕ್ಕೆ.”

“ಹೂಂ.”

“ಅದರ ಕೆಳಗೆ ಇನ್ನೊಂದು.”

“ಮೂರನೇದು?”

ದುರ್ಬೀನಿನ ತಿರುಗಣೆ ತಿರುಗಿಸಿದಳು. ಗುಂಡಿಯ ಅಂಚಿನಿಂದ ಒಂದಿಷ್ಟು ಜಲ್ಲಿ ಉರುಳಿ ಬಿದ್ದ ಸದ್ದು ಡೆಲ್‌ಗೂ ಕೇಳಿಸಿತು.

“ಮಾರ್ವಾ.”

“ಇರೋ, ಅವಸರ ಮಾಡ್ಬೇಡ. ತಟ್ಟೆ ಮೇಲೆ ರೆಂಬೆ ನೆರಳು ಬಿದ್ದಿದೆ... ಇದೆ. ಬಲಗಡೆ. ಮೂರೂ ಇವೆ, ಡೆಲ್. ನನ್ನ ಅಂಗೈ ಇಟ್ರೆ ಮೂರೂ ಮುಚ್ಚಿಹೋಗುತ್ತೆ.”

ಅವನು ಎದ್ದು ಹೋಗಿ ಪಿಕಪ್ಪಿನ ಹಿಂಬದಿಯ ಹಲಗೆ ಇಳಿಸಿ ಕೂತ. ಆಗ ಅವನ ಕೈ ನಿಜವಾಗಿಯೂ ನಡುಗಿತು. ಎರಡೂ ಕೈ ಮುಂದೆ ಚಾಚಿ ತೋರಿಸಿದ. “ಈಗ ನೋಡು.”

“ನಡುಗ್ಲಿ ಬಿಡು. ಈಗ ನಡುಗಿದ್ರೆ ಯಾರ ಅಪ್ಪನ ಗಂಟು ಹೋಗುತ್ತೆ?”

ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಅರ್ಧಕ್ಕೆ ನಿಲ್ಲಿಸಿದಳು. ಡೆಲ್ ಅದನ್ನು ನೋಡಿದ. ಅವಳಿಗೆ ಗೊತ್ತಿತ್ತು ಎಂಬುದು ಅವನಿಗೆ ಆಗ ಗೊತ್ತಾಯಿತು.

“ತುಂಬಿಸು,” ಎಂದ.

ಅವಳು ತುಂಬಿಸಿದಳು. ಒಂದಿಷ್ಟು ಅವನ ಪ್ಯಾಂಟಿನ ಮೇಲೆ ಚೆಲ್ಲಿತು. ಅದಕ್ಕೂ ಅವಳು ಬೈದಳು. ಆಗ ಇಬ್ಬರಿಗೂ ಸಮಾಧಾನವಾಯಿತು.

ಉಳಿದದ್ದು ಸಣ್ಣ ಕೆಲಸ. ಬೀಗಕ್ಕೆ ಹಾಕುವ ಗ್ರಾಫೈಟಿನ ಕರಿಪುಡಿಯನ್ನು ಅವನು ಸಣ್ಣ ಕುಂಚದಲ್ಲಿ ತೆಗೆದು ಒಂದೊಂದು ಕೊರಳಿನ ಒಳಗೂ ಸವರಿದ. ಮಾರ್ವಾ ಸ್ಟೂಲಿನ ಮೇಲೆ ಕೂತು ಕಿವಿ ಕೊಟ್ಟಳು; ಒಂದೂ ಕೂಗಲಿಲ್ಲ. ಸೊಟ್ಟಗಾಗಿದ್ದ ಚಿಪ್ಪುಗಳನ್ನು ಅವನು ಗುಜರಿ ಡಬ್ಬಿಗೆ ಹಾಕಿದ, ಬೇಸರವಿಲ್ಲದೆ ಅಲ್ಲ. ಭುಜ ಸೆಟೆಯುವ ಚಾಳಿ ಮಾತ್ರ ಒಂದೇ ದಿನಕ್ಕೆ ಹೋಗಲಿಲ್ಲ. ಹಿತ್ತಾಳೆ ಕಲಿಸಿದ ಹೆದರಿಕೆಯನ್ನು ಮೈ ತನ್ನದೆಂದು ಇಟ್ಟುಕೊಂಡಿತ್ತು. ಖಾಲಿ ಕೋವಿ ಹಿಡಿದು ಅಂಗಳದಲ್ಲಿ ಕೂತು ಕುದುರೆ ಎಳೆದು ಎಳೆದು ಅದನ್ನು ಬಿಡಿಸಬೇಕಾಯಿತು. ಡ್ರಮ್ಮನ್ನು ಮಾರ್ವಾ ಚರ್ಚಿಗೆ ಒಯ್ದಳು, ಕ್ರಿಸ್‌ಮಸ್ ಆರಾಧನೆಯ ಹಿತ್ತಾಳೆ ಮೇಣದಬತ್ತಿ ಬಟ್ಟಲುಗಳನ್ನು ತೊಳೆಯಲು. ಟ್ರೆಂಟ್ ಫೋನಿನಲ್ಲಿ ವಿಚಾರಿಸಿದಾಗ “ತುಂಬಾ ಉಪಯೋಗ ಆಗ್ತಿದೆ ಕಣಪ್ಪ” ಎಂದಳು. ಲೂಥರನ್ ಆರ್ಗನ್ನಿನವಳು ಸುಳ್ಳು ಹೇಳುವುದಿಲ್ಲ.

ಪರೀಕ್ಷೆಯ ಭಾನುವಾರ ವರ್ಲಿನ್ ಹೇಳಿದಂತೆಯೇ ಏಪ್ರನ್ನು ಇಸ್ತ್ರಿ ಮಾಡಿಸಿ ತಂದಿದ್ದ. ವರ್ಲಿನ್‌ನ ಇಬ್ಬರು ಗಂಡುಮಕ್ಕಳು ಹೊಡೆದಾದ ಮೇಲೆ ಡೆಲ್ ಕೂತ. ಮೂರೂ ತಟ್ಟೆಯೊಳಗೆ ಬಿದ್ದವು; ಒಂದು ಅಂಚಿಗೆ ಹತ್ತಿರವಿತ್ತು, ಆದರೆ ಒಳಗಿತ್ತು.

“ಛೆ,” ಎಂದ ವರ್ಲಿನ್, ಏಪ್ರನ್ನನ್ನು ತಾನೇ ಕೊರಳಿಗೆ ಹಾಕಿಕೊಳ್ಳುತ್ತ. “ಇಸ್ತ್ರಿ ದಂಡ ಆಯ್ತು.”

ಡೆಲ್ ಹೊಸ ತಟ್ಟೆಯೊಂದನ್ನು ಕೈಗೆತ್ತಿಕೊಂಡು ಅವನ ಮುಂದೆ ನಿಂತ. ವರ್ಲಿನ್‌ನ ಕಣ್ಣಿನ ಪೊರೆ ತೆಗೆಸಿ ವರ್ಷಗಳಾಗಿದ್ದವು. ಈಗ ಅವನು ದೂರದ ಬೇಲಿಯ ಮೇಲಿನ ಹಕ್ಕಿಯ ಹೆಸರು ಹೇಳುತ್ತಿದ್ದ. ತಪ್ಪಿದವನು ಮತ್ತೆ ತಟ್ಟೆಯ ಮುಂದೆ ಕೂರಬಹುದು ಎಂದು ಡೆಲ್ ಒಮ್ಮೆಯೂ ಹೇಳಿರಲಿಲ್ಲ. ಕೈಯಾಗಲಿ ಕಣ್ಣಾಗಲಿ ಹೋದರೆ ಹೋಯಿತು, ಮರಳಿ ಬರುವುದಿಲ್ಲ ಎಂದೇ ಅವನು ತಿಳಿದಿದ್ದ.

“ಕೂತ್ಕೋ,” ಎಂದ. “ನನ್ನ ಕೋವಿಲೇ ಹೊಡಿ. ಮೂರು ಬಿದ್ರೆ ಈ ವರ್ಷ ನೀನೂ ಬೆಟ್ಟ ಹತ್ತು.”

ವರ್ಲಿನ್ ಅವನನ್ನು ಒಂದು ಗಳಿಗೆ ನೋಡಿದ. ಮಕ್ಕಳು ಕೇಳಿಸಿಕೊಳ್ಳದಂತೆ ದನಿ ತಗ್ಗಿಸಿದ.

“ಲೋ ಡೆಲ್, ನಿಂಗೆ ತಲೆ ಕೆಟ್ಟಿದೆಯಾ? ಬೆಳಗಿನ ಜಾವ ಎದ್ದು ಆ ಕೊರೆಯೋ ಹಿಮದಲ್ಲಿ ಏದುಸಿರು ಬಿಡೋದು ತಪ್ಪಿತಲ್ಲ ಅಂತ ನಾನು ಆವತ್ತೇ ದೇವರಿಗೆ ಕೈ ಮುಗಿದಿದೀನಿ. ಒಲೆ ಮುಂದೆ ಕೂತ್ಕೊಂಡು ಬೇಕನ್ ಹುರಿದು ಮೊದಲನೇ ತುಂಡು ನಾನೇ ತಿಂತೀನಿ. ನೀನೇ ಮರುಕ ಪಟ್ಕೊಂಡು ಮುಖ ಇಳಿಬಿಟ್ಕೊಂಡಿದ್ದೆ. ನಿನ್ನ ಖುಷಿಗೆ ನಾನೂ ಒಂಚೂರು ನರಳ್ತಿದ್ದೆ, ಅಷ್ಟೆ.”

“ಹಾಗಾದ್ರೆ ಆಗಸ್ಟಲ್ಲಿ ನನಗೆ ಏಪ್ರನ್ನು ಕೊಡ್ತೀನಿ ಅಂದಿದ್ದು?”

“ಒಬ್ನೇ ಬೇಜಾರಾಗುತ್ತೆ ಮಾರಾಯ. ಜೊತೆಗೆ ಯಾರಾದ್ರೂ ಇಸ್ಪೀಟಿಗೆ ಸಿಗ್ತಾರೆ ಅಂತ ಆಸೆಪಟ್ಟಿದ್ದೆ.” ಅವನು ತಟ್ಟೆಯನ್ನು ಡೆಲ್‌ನ ಕೈಯಿಂದ ಕಸಿದುಕೊಂಡು ಮಾರ್ವಾಳ ಕಡೆ ನಡೆದ. ಅವಳು ಪಿಕಪ್ಪಿನ ಹಲಗೆಯ ಮೇಲೆ ಚೋಕ್‌ಚೆರಿ ಪೈ ಕತ್ತರಿಸುತ್ತಿದ್ದಳು. “ಇದರಲ್ಲಿ ದೊಡ್ಡ ತುಂಡು ಹಾಕೇ. ತೂತಿಲ್ಲದ ತಟ್ಟೆ ಇದೊಂದೇ ಉಳಿದಿರೋದು.”